ಬರುವಾಗ ಒಬ್ಬ ಕಡಿಮೆ

ನಮ್ಮ ಕಚೇರಿಗೆ ಹೊಳೆಯ ಕಡೆಯಿಂದ ಬರುತ್ತಿದ್ದ ಫೋನುಗಳಲ್ಲಿ ಒಬ್ಬ ತೆಪ್ಪದ ಯಜಮಾನನ ಲೆಕ್ಕ ಮಾತ್ರ ಯಾವತ್ತೂ ಕೂಡುತ್ತಿರಲಿಲ್ಲ. ತೆಪ್ಪ ಬಿಡುವಾಗ ಐದು ಜನ ಎಂದವನು ದಡ ಸೇರಿದ ಮೇಲೆ ನಾಲ್ಕು ಜನ ಎನ್ನುತ್ತಿದ್ದ. ಆರು ಎಂದ ದಿನ ಐದು. ಮೂರು ಎಂದ ದಿನ ಎರಡು. ದನಿಯಲ್ಲಿ ಗಾಬರಿಯಿಲ್ಲ, ಅಳುಕಿಲ್ಲ. ಊಟಕ್ಕೆ ಹೋಗಿ ಬರ್ತೀನಿ ಅನ್ನುವಷ್ಟು ಸಲೀಸಾಗಿ ಹೇಳಿ ಫೋನ್ ಇಡುತ್ತಿದ್ದ.

ನಾನು ಮೀನುಗಾರಿಕೆ ಇಲಾಖೆಯ ಮೇಲ್ವಿಚಾರಕಿ. ಕಚೇರಿ ಕೊಳ್ಳೇಗಾಲದಲ್ಲಿ. ಹನೂರು ಕಡೆಯ ಜಲಾಶಯಗಳು, ಯಳಂದೂರಿನ ಕೆರೆಗಳು, ಇತ್ತ ಕಾವೇರಿಯ ದಂಡೆ, ಮೂರನ್ನೂ ಒಂದೇ ಜೀಪಿಗೆ ಮತ್ತು ಒಂದೇ ಸೊಂಟಕ್ಕೆ ಕಟ್ಟಿದ್ದರು. ಹೊಳೆಗೆ ಗಾಳ ಹಾಕಲು ಮೈಸೂರಿನಿಂದ, ಇನ್ನೂ ದೂರದಿಂದ ಹವ್ಯಾಸಿಗಳು ಬರುತ್ತಾರೆ. ಅವರನ್ನು ಬುಟ್ಟಿಯಂಥ ದುಂಡು ತೆಪ್ಪದಲ್ಲಿ ಬಾಡಿಗೆಗೆ ಕೂರಿಸಿಕೊಂಡು ನಡುಹೊಳೆಯ ಬಂಡೆಗಳಿಗೆ ಬಿಟ್ಟು ಕರೆತರುವ ತೆಪ್ಪದವರು ನಮ್ಮಿಂದ ಪರವಾನಗಿ ಪಡೆಯಬೇಕು. ತೆಪ್ಪ ನೀರಿಗಿಳಿಸುವ ಮುಂಚೆ ಹುಟ್ಟು ಹಾಕುವವನೂ ಸೇರಿ ಎಷ್ಟು ಜನ, ಯಾವ ಬಂಡೆಗೆ ಎಂದು ಫೋನ್ ಮಾಡಿ ಹೇಳಬೇಕು. ವಾಪಸು ಬಂದ ಮೇಲೆ ಎಷ್ಟು ಜನ ಬಂದರು, ಏನು ಮೀನು ಬಿತ್ತು ಎಂದು ಹೇಳಬೇಕು. ಬಿಳಿಮೀನು, ಅಂದರೆ ಮಹಶೀರ್, ಸಿಕ್ಕಿದರೆ ಒದ್ದೆ ಕೈಯಲ್ಲೇ ಗಾಳ ಬಿಡಿಸಿ ನೀರಿಗೆ ಬಿಡಬೇಕು, ಬಿಟ್ಟದ್ದನ್ನೂ ಹೇಳಬೇಕು. ಇವಿಷ್ಟು ಷರತ್ತು. ತಪ್ಪಿದರೆ ಪರವಾನಗಿ ರದ್ದು.

ಮಿಕ್ಕ ತೆಪ್ಪದವರು ಮೀನಿನ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದರು. ಏನು ಸಿಕ್ಕಿತು ಎಂದರೆ 'ಬರೀ ಪಾಚಿ ಕಣ್ ಮೇಡಮ್' ಎನ್ನುವುದು ಅವರ ಪಾಠ. ಈ ಯಜಮಾನ ಮೀನಿನ ವಿಷಯದಲ್ಲಿ ಒಂದೂ ಸುಳ್ಳು ಹೇಳಿದವನಲ್ಲ. ಇಂಥ ಬಂಡೆ ಹತ್ತಿರ ಬಿಳಿಮೀನು ಬಿತ್ತು, ಬಿಟ್ಟೆವು, ಬಾಲ ಹೊಡೆದು ಹೋಯಿತು ಎಂದು ಅಕ್ಕರೆಯಿಂದ ಹೇಳುತ್ತಿದ್ದ. ಮನುಷ್ಯರ ಲೆಕ್ಕದಲ್ಲಿ ಮಾತ್ರ ಒಬ್ಬ ಸೋರಿ ಹೋಗುತ್ತಿದ್ದ.

ಫೋನ್ ತೆಗೆದುಕೊಳ್ಳುತ್ತಿದ್ದ ನಮ್ಮ ಗುಮಾಸ್ತರು ಮೊದಮೊದಲು ಆತ ಎಣಿಸುವುದರಲ್ಲಿ ಎಡವುತ್ತಾನೆ ಎಂದುಕೊಂಡಿದ್ದರು. ಆದರೆ ಎಡವುವವನು ಯಾವಾಗಲೂ ಒಂದೇ ಕಡೆಗೆ ಎಡವುವುದಿಲ್ಲ. ತಿಂಗಳ ವರದಿ ಚಾಮರಾಜನಗರಕ್ಕೆ ಹೋದಾಗ ಜಿಲ್ಲಾ ಕಚೇರಿಯ ಸಾಹೇಬರು ನನ್ನನ್ನು ಕರೆಸಿದರು.

"ಪ್ರತಿ ಸಲ ಒಬ್ಬ ಆಚೆ ದಡದಲ್ಲಿ ಇಳೀತಿದಾನೆ. ಆಚೆ ದಡ ಅಂದ್ರೆ ಏನು? ಕಾಡು. ಬೇಟೆಗೋ, ಸಿಡಿಮದ್ದು ಹಾಕಿ ಮೀನು ಹೊಡೆಯೋದಕ್ಕೋ, ಯಾವುದಕ್ಕೋ ಜನ ಸಾಗಿಸ್ತಿದಾನೆ. ಪರವಾನಗಿ ರದ್ದು ಮಾಡೋದಕ್ಕೆ ನೋಟಿಸ್ ತಯಾರು ಮಾಡಿ. ಪೊಲೀಸರಿಗೂ ಒಂದು ಪ್ರತಿ."

"ಕಣ್ಣಲ್ಲಿ ನೋಡಿ ಆಮೇಲೆ ನೋಟಿಸ್ ಕೊಡ್ತೀನಿ ಸಾರ್," ಎಂದೆ. ಆ ಯಜಮಾನನಿಗೆ ಜಮೀನಿಲ್ಲ. ತೆಪ್ಪ ನಿಂತರೆ ಅವನ ಮನೆಯ ಒಲೆ ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು. ಕಳ್ಳನಾಗಿದ್ದರೆ ನಾನೇ ಹಿಡಿದುಕೊಡುತ್ತಿದ್ದೆ, ಅದರಲ್ಲಿ ನನಗೆ ಯಾವ ಮುಲಾಜೂ ಇರಲಿಲ್ಲ.

ಅರಣ್ಯ ಇಲಾಖೆಯ ಒಬ್ಬ ವಾಚರ್‌ನನ್ನು ಆಚೆ ದಡದಲ್ಲಿ ಕೂರಿಸಿ, ನಾನು ಈಚೆ ದಡದ ಹೊಂಗೆ ಮರದ ಹಿಂದೆ ದುರ್ಬೀನು ಹಿಡಿದು ಕುಳಿತೆ. ಬೆಳಗಿನ ಬಿಸಿಲು ಇನ್ನೂ ಏರಿರಲಿಲ್ಲ. ಯಜಮಾನ ತೆಪ್ಪವನ್ನು ತಲೆಯ ಮೇಲೆ ಬೋರಲು ಹೊತ್ತು ತಂದು ನೀರಿಗಿಟ್ಟ. ಮೂವರು ಹವ್ಯಾಸಿಗಳು ಹತ್ತಿದರು. ಅವರಲ್ಲಿ ಒಬ್ಬ ಎಡಗಡೆ ಕೂರಲು ಹೋದಾಗ ಯಜಮಾನ ಅವನ ತೋಳು ಹಿಡಿದು ಬಲಕ್ಕೆ ಸರಿಸಿದ. ಜಾಗ ಬೇಕಾದಷ್ಟಿತ್ತು. ಮೂವರೂ ಒಂದೇ ಮಗ್ಗುಲಲ್ಲಿ ಒತ್ತಿಕೊಂಡು ಕುಳಿತರು, ಎಡಗಡೆ ಒಂದಾಳು ಜಾಗ ಖಾಲಿ ಉಳಿಯಿತು. ಆತ ಆ ಖಾಲಿ ಜಾಗದ ಅಂಚನ್ನು ಅಂಗೈಯಿಂದ ಎರಡು ಸಲ ತಟ್ಟಿ, ಫೋನ್ ತೆಗೆದು ಮಾತಾಡಿ, ಹುಟ್ಟು ಹಾಕಿದ. ಮೂವರು, ಜೊತೆಗೆ ಆತ, ಒಟ್ಟು ನಾಲ್ವರು.

ನಾನು ಗುಮಾಸ್ತರಿಗೆ ಫೋನ್ ಮಾಡಿದೆ. "ಐದು ಅಂದ್ರು ಮೇಡಂ," ಎಂದರು ಅವರು.

ಮಧ್ಯಾಹ್ನದವರೆಗೂ ಕಣ್ಣು ಕೀಳದೆ ಕುಳಿತಿದ್ದೆ. ತೆಪ್ಪ ಬಂಡೆಗೆ ಹೋಯಿತು, ಬಂಡೆಯಿಂದ ಬಂತು. ಆಚೆ ದಡದ ಹತ್ತಿರಕ್ಕೂ ಸುಳಿಯಲಿಲ್ಲ ಎಂದು ವಾಚರ್ ಹೇಳಿದ. ಇಳಿದವರು ನಾಲ್ವರು. ಯಜಮಾನ ಫೋನಿನಲ್ಲಿ ಹೇಳಿದ್ದೂ ನಾಲ್ಕು. ಹಾಗಾದರೆ ಬರುವಾಗ ಹೇಳಿದ್ದು ನಿಜ, ಹೋಗುವಾಗ ಹೇಳಿದ್ದು ಸುಳ್ಳು. ಇಲ್ಲದ ಒಬ್ಬನನ್ನು ಇದ್ದಾನೆ ಎಂದು ಹೇಳುವುದರಿಂದ ಯಾವ ಕಳ್ಳನಿಗೆ ಏನು ಲಾಭ? ಯೋಚಿಸಿದಷ್ಟೂ ಬಗೆಹರಿಯಲಿಲ್ಲ, ಸಿಟ್ಟು ಮಾತ್ರ ಬಂತು.

ಹವ್ಯಾಸಿಗಳು ಹೋದ ಮೇಲೆ ಎದುರಿಗೆ ಹೋಗಿ ನಿಂತೆ. ಆತ ಬೆಚ್ಚಲಿಲ್ಲ. ತೆಪ್ಪವನ್ನು ಒಣಗಲು ಬೋರಲು ಹಾಕಿ, ಅದರ ನೆರಳಿನಲ್ಲೇ ನನಗೆ ಕೂರಲು ಟವಲು ಹಾಸಿದ.

"ಯಜಮಾನ್ರೆ, ಐದನೆಯವನು ಯಾರು?"

ಆತ ಹೊಳೆಯ ಕಡೆ ನೋಡಿದ. "ನನ್ ತಮ್ಮ ಕಣ್ ಮೇಡಮ್ಮೋರೆ."

"ಎಲ್ಲಿದಾನೆ?"

"ಇಲ್ಲೇ. ತುಂಬೊಳೇಲಿ ತೆಪ್ಪ ಮಗುಚ್ಕತು. ನಾನು ಅಂಚು ಇಡ್ಕಂಡೆ, ಅಂವ ಇಡ್ಕಳಿಲ್ಲ. ಕೆಳೀಕೆ ಹೊಗೇನಕಲ್ ಗಂಟ ಉಡುಕ್ದೋ. ಆ ಕಡೆ ತಮಿಳು ತೆಪ್ಪದೋರೂ ಉಡುಕುದ್ರು. ಸಿಕ್ಲಿಲ್ಲ."

ಆಮೇಲೆ ಆತ ಬಿಡಿಸಿ ಹೇಳಿದ. ಈ ದಂಡೆಯ ತೆಪ್ಪದ ಮನೆಗಳಲ್ಲಿ ಅದೊಂದು ನಡೆ. ಹೊಳೆಗೆ ಹೋದವನ ಹೆಣ ಸಿಕ್ಕಿ ಮಣ್ಣು ಮಾಡಿದರೆ ಅವನ ಲೆಕ್ಕ ಮುಗಿಯುತ್ತದೆ. ಸಿಗದಿದ್ದರೆ ಮುಗಿಯುವುದಿಲ್ಲ. ಆಮೇಲೆ ಆ ಮನೆಯ ತೆಪ್ಪ ನೀರಿಗಿಳಿದಾಗಲೆಲ್ಲ ಅವನಿಗೆ ಜಾಗ ಬಿಡಬೇಕು, ಅಂಚು ತಟ್ಟಿ ಕರೆಯಬೇಕು, ಹತ್ತಿದವರ ಜೊತೆಗೆ ಅವನನ್ನೂ ಎಣಿಸಬೇಕು. ದಡ ಮುಟ್ಟಿದಾಗ ಎಣಿಸುವ ಹಾಗಿಲ್ಲ.

"ಯಾಕೆ?"

"ಅಂವ ಇಳಿಯಾಕಿಲ್ವಲ್ಲ," ಎಂದ. "ಅತ್ತುವಾಗ ಎಣಿಸ್ದೆ ಬುಟ್ರೆ ಅಂವ್ನೇ ಲೆಕ್ಕ ತುಂಬ್ಕತಾನೆ. ಇನ್ನೊಬ್ನ ಮಡಿಕತಾನೆ. ನಮ್ಮವ್ವ ಸಾಯಗಂಟ ಏಳೋಳು, ಅವ್ನ ಬುಟ್ಬುಟ್ಟು ಎಣಿಸ್ಬ್ಯಾಡ ಕಣ್ಲಾ ಅಂತ."

ನಾನು ದೆವ್ವ ಭೂತ ಎಂದರೆ ನಗುವವಳು. ಅವತ್ತು ನಗು ಬರಲಿಲ್ಲ. ಬೋರಲು ಬಿದ್ದ ತೆಪ್ಪದ ಎಡಗಡೆಯ ಅಂಚನ್ನು ನೋಡಿದೆ. ಮಿಕ್ಕ ಕಡೆ ಒರಟಾಗಿದ್ದ ಬಿದಿರು ಅಲ್ಲಿ ಮಾತ್ರ ನುಣ್ಣಗಾಗಿ ಹೊಳೆಯುತ್ತಿತ್ತು. ಎಷ್ಟು ವರ್ಷ ತಟ್ಟಿದ್ದನೋ.

ಆದರೆ ಕಾನೂನಿನಲ್ಲಿ ತಮ್ಮನಿಗೆ ಜಾಗವಿಲ್ಲ. ಈ ನಿಯಮ ಬಂದದ್ದೇ ಯಾರಾದರೂ ಹೊಳೆಯಲ್ಲಿ ಉಳಿದರೆ ತಕ್ಷಣ ತಿಳಿಯಲಿ ಎಂದು. ದಿನವೂ ಒಬ್ಬ ಕಡಿಮೆ ಬರುವ ಲೆಕ್ಕಕ್ಕೆ ನಾವು ಒಗ್ಗಿಹೋದರೆ, ನಿಜಕ್ಕೂ ಒಬ್ಬ ಕಡಿಮೆ ಬಂದ ದಿನ ಯಾರಿಗೆ ಗೊತ್ತಾಗುತ್ತದೆ? ಇದನ್ನೇ ಅವನಿಗೆ ಹೇಳಿದೆ. ನಾಳೆಯಿಂದ ಉಸಿರಾಡುವವರನ್ನು ಮಾತ್ರ ಎಣಿಸಿದರೆ ಪರವಾನಗಿ ಉಳಿಸಿಕೊಡುತ್ತೇನೆ, ಇಲ್ಲದಿದ್ದರೆ ನೋಟಿಸ್ ಕೊಡದೆ ನನಗೆ ದಾರಿಯಿಲ್ಲ ಎಂದೆ.

"ಫೋನಲ್ಲಿ ಸರಿಯಾಗಿ ಹೇಳಿ. ಮನಸ್ಸಿನಲ್ಲಿ ಏನಾದ್ರೂ ಎಣಿಸ್ಕೊಳ್ಳಿ."

"ಮನ್ಸಲ್ಲಿ ಒಂದು ಬಾಯಲ್ಲಿ ಒಂದು ಅಂದ್ರೆ ಅವ್ನಿಗೆ ಗೊತ್ತಾಗಕಿಲ್ವಾ ಮೇಡಮ್ಮೋರೆ?" ಎಂದು ಆತ ತೆಪ್ಪದ ಅಂಚಿನ ಮೇಲೆ ಅಂಗೈ ಇಟ್ಟ. "ಆಯ್ತು ಬುಡಿ. ಮನೇಲಿ ಐಕ್ಳು ಅವೆ. ಎಣಿಸಾಕಿಲ್ಲ. ಮಾತ್ ಕೊಟ್ಟೆ."

ಎಣಿಸುವ ಕ್ರಮದಲ್ಲಿ ತಪ್ಪಿತ್ತು, ತಿದ್ದಲಾಗಿದೆ, ಆಚೆ ದಡಕ್ಕೆ ಯಾರನ್ನೂ ಸಾಗಿಸಿಲ್ಲ ಎಂದು ವರದಿ ಕೊಟ್ಟೆ. ಸಾಹೇಬರು ಗೊಣಗಿಕೊಂಡು ಸಹಿ ಹಾಕಿದರು. ನಮ್ಮ ಗುಮಾಸ್ತರಿಗೆ ಮಾತ್ರ ವಿಷಯ ಪೂರ್ತಿ ಹೇಳಿದ್ದೆ. ಅವರು ಕೈಮುಗಿದು, ಮರುಕ್ಷಣವೇ "ಸದ್ಯ, ನನ್ನ ಕಿವಿ ಸರಿ ಇದೆ ಅಂತಾಯ್ತು," ಎಂದರು.

ಅಲ್ಲಿಂದ ಮುಂದೆ ಲೆಕ್ಕ ಕೂಡತೊಡಗಿತು. ನಾಲ್ಕು ಹೋದರೆ ನಾಲ್ಕು, ಆರು ಹೋದರೆ ಆರು. ಆದರೆ ಯಜಮಾನನ ದನಿ ಬದಲಾಯಿತು. ತೆಪ್ಪ ಬಿಡುವಾಗಿನ ಫೋನಿನಲ್ಲಿ ಸಂಖ್ಯೆ ಹೇಳಿದ ಮೇಲೆ ಆತ ಫೋನ್ ಇಡದೆ ಒಂದು ಗಳಿಗೆ ಹಾಗೇ ಇರುತ್ತಾನೆ ಎಂದು ಗುಮಾಸ್ತರು ಹೇಳಿದರು. ಒಂದೆರಡು ಸಲ ಆ ಫೋನ್ ನಾನೇ ತೆಗೆದುಕೊಂಡೆ. "ನಾಕ್ ಜನ," ಎನ್ನುತ್ತಿದ್ದ, ಆಮೇಲೆ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಹೇಗಿದೆ ಯಜಮಾನ್ರೆ ಎಂದು ಕೇಳಿದರೆ, "ತೆಪ್ಪ ತೂಕ ತಪ್ತದೆ ಮೇಡಮ್ಮೋರೆ, ಒಂದ್ ಕಡೀಕೆ ಎಳೀತದೆ," ಎಂದ.

ನನಗೂ ಅದು ಅಂಟಿಕೊಂಡಿತು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ಅಲ್ಲಿ ಚೀಲ ಇಡಲು ಕೈ ಬರುತ್ತಿರಲಿಲ್ಲ. ಮನೆಯಲ್ಲಿ ನಾವಿರುವುದು ಗಂಡ ಹೆಂಡತಿ ಇಬ್ಬರು. ಒಂದು ದಿನ ಊಟಕ್ಕೆ ಮೂರು ತಟ್ಟೆ ಹಾಕಿದ್ದೆ. ಯಾರು ಬರ್ತಾರೆ ಎಂದು ಗಂಡ ಕೇಳಿದರು. ಯಾರೂ ಇಲ್ಲ ಎಂದು ಒಂದನ್ನು ಎತ್ತಿಟ್ಟೆ, ಎತ್ತಿಡುವಾಗ ಯಾರನ್ನೋ ಎಬ್ಬಿಸಿ ಕಳಿಸಿದ ಹಾಗೆ ಸಂಕಟವಾಯಿತು.

ಮಳೆಗಾಲದ ಕೊನೆಯಲ್ಲಿ ಅದು ನಡೆಯಿತು. ನಾನು ಯಳಂದೂರು ಕಡೆಯ ಕೆರೆಯೊಂದಕ್ಕೆ ಮೀನುಮರಿ ಬಿಡಿಸುತ್ತಿದ್ದೆ. ಮಧ್ಯಾಹ್ನದ ಮೇಲೆ ಅಣೆಕಟ್ಟೆಯಿಂದ ಹೊಳೆಗೆ ಹೆಚ್ಚು ನೀರು ಬಿಡುತ್ತಿದ್ದಾರೆ ಎಂದು ಸುದ್ದಿ ಬಂತು. ಹೊಳೆಯಲ್ಲಿರುವ ಎಲ್ಲ ತೆಪ್ಪಗಳನ್ನೂ ದಡಕ್ಕೆ ಕರೆಸಿ ಎಂದು ಗುಮಾಸ್ತರಿಗೆ ಹೇಳಿ ಕೆಲಸ ಮುಗಿಸಿ ಹೊರಟೆ. ಕುಂತೂರಿನ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಹಿಂದೆ ಜೀಪು ಸಿಕ್ಕಿಕೊಂಡಿತು. ಹಾಗೇ ಮತ್ತೆ ಫೋನ್ ಮಾಡಿದೆ.

"ಎಲ್ಲರೂ ದಡ ಸೇರಿದ್ರಾ?"

"ಸೇರಿದ್ರು ಮೇಡಂ. ಎಲ್ಲರೂ ಫೋನ್ ಮಾಡಿದ್ರು."

"ನಮ್ಮ ಯಜಮಾನ?"

"ಅವರೂ ಬಂದ್ರು. ಅವರದೂ, ಅವರ ಭಾವಮೈದಂದೂ ಸೇರಿ ಎರಡು ತೆಪ್ಪ. ಏಳು ಜನ ಹೋಗಿ ಆರು ಜನ ಬಂದಿದಾರೆ." ಗುಮಾಸ್ತರು ಸಣ್ಣಗೆ ನಕ್ಕರು. "ಮತ್ತೆ ಶುರು ಮಾಡ್ಕೊಂಡ್ರು ಅನ್ಸುತ್ತೆ ಮೇಡಂ, ತಮ್ಮನ ಲೆಕ್ಕ."

ನನಗೂ ಮೊದಲು ಹಾಗೇ ಅನ್ನಿಸಿತು. ಮಾತು ತಪ್ಪಿದನಲ್ಲ ಎಂದು ಸಿಟ್ಟೂ ಬಂತು. ಆಮೇಲೆ ಇನ್ನೊಂದು ಯೋಚನೆ ಬಂತು. ಆತ ಮಾತು ತಪ್ಪದೆ ಇದ್ದರೆ?

ಜೀಪನ್ನು ಬದಿಗೆ ಹಾಕಿಸಿ ಆತನಿಗೆ ಫೋನ್ ಮಾಡಿದೆ. ಹಿನ್ನೆಲೆಯಲ್ಲಿ ಟೀ ಅಂಗಡಿಯ ಸದ್ದು ಕೇಳುತ್ತಿತ್ತು.

"ಯಜಮಾನ್ರೆ, ಒಂದೇ ಮಾತು. ಬೆಳಗ್ಗೆ ಹೊರಡುವಾಗ ಏಳು ಅಂದ್ರಲ್ಲ, ಅದರಲ್ಲಿ ತಮ್ಮನ್ನ ಎಣಿಸಿದ್ರಾ?"

"ಇಲ್ಲ ಮೇಡಮ್ಮೋರೆ. ಮಾತ್ ಕೊಟ್ಟಿದ್ನಲ್ಲ."

"ಮತ್ತೆ ಆರು ಜನ ಬಂದ್ರಿ."

"ಊ ಕಣಿ, ಆರು. ನಿಂತ್ಕಂಡು ಎಣಿಸ್ದೆ. ಬರಾವಾಗ ಒಂದ್ ಕಮ್ಮಿ ಇದ್ದೇ..."

ಮಾತು ಅಲ್ಲೇ ನಿಂತಿತು. ಬೆಂಚೋ ಏನೋ ಉರುಳಿದ ಸದ್ದು, ಫೋನ್ ಕೆಳಗೆ ಬಿದ್ದ ಸದ್ದು, ಆಮೇಲೆ ಯಾರೋ ಓಡುವ ಸದ್ದು. ಟೀ ಅಂಗಡಿಯವನು ಫೋನ್ ಎತ್ತಿಕೊಂಡು ಹಲೋ ಹಲೋ ಎನ್ನುತ್ತಿದ್ದ.

ಅಷ್ಟು ವರ್ಷ ಬರುವಾಗ ಒಬ್ಬ ಕಡಿಮೆ ಇರುವುದೇ ಆತನಿಗೆ ಸರಿಯಾದ ಲೆಕ್ಕವಾಗಿತ್ತು. ಹತ್ತುವಾಗ ತಮ್ಮನನ್ನು ಬಿಟ್ಟು ಎಣಿಸುವುದನ್ನು ಬಾಯಿ ಕಲಿತಿತ್ತು, ಇಳಿಯುವಾಗ ಒಂದು ಕಡಿಮೆಯಾದರೆ ಹೆದರಬೇಕು ಎಂಬುದನ್ನು ಮನಸ್ಸು ಇನ್ನೂ ಕಲಿತಿರಲಿಲ್ಲ. ಆರು ಎಂದು ಕಂಡಾಗ ನೆಮ್ಮದಿಯಾಗಿಯೇ ಟೀ ಕುಡಿಯಲು ಹೋಗಿದ್ದ.

ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದೆ, ನೀರಾವರಿ ಕಚೇರಿಗೆ ಮಾಡಿದೆ. ನೀರು ಆಗಲೇ ಬಿಟ್ಟಾಗಿದೆ, ತಡೆಯುವುದಕ್ಕೆ ಆಗುವುದಿಲ್ಲ ಎಂದರು. ಡ್ರೈವರ್ ಟ್ರಾಕ್ಟರುಗಳ ಪಕ್ಕದಲ್ಲಿ ಮಣ್ಣಿಗೆ ಇಳಿಸಿ ಜೀಪು ಓಡಿಸಿದ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಎರಡು ಯೋಚನೆ ಗುದ್ದಾಡುತ್ತಿದ್ದವು. ನಾನು ಲೆಕ್ಕ ತಿದ್ದಿಸಿದ್ದರಿಂದ ಒಬ್ಬ ಹೊಳೆಯಲ್ಲೇ ಉಳಿದಿದ್ದಾನೆ ಎಂದು ಗೊತ್ತಾಯಿತು. ನಾನು ಲೆಕ್ಕ ತಿದ್ದಿಸಿದ್ದರಿಂದಲೇ ಒಬ್ಬ ಉಳಿದ ಎಂದು ಆ ಯಜಮಾನ ಸಾಯುವ ತನಕ ನಂಬುತ್ತಾನೆ. ಎರಡನೆಯದನ್ನು ತಳ್ಳಿಹಾಕಲು ಎಷ್ಟು ಹೆಣಗಿದರೂ ನನ್ನಿಂದ ಆಗಲಿಲ್ಲ.

ನಾವು ತಲುಪಿದಾಗ ಹೊತ್ತು ಇಳಿಯುತ್ತಿತ್ತು. ಹೊಳೆ ಕೆಂಪಗೆ ಉಬ್ಬಿ, ದಡದ ಹೊಂಗೆಯ ಬುಡ ಮುಟ್ಟಿತ್ತು. ಮರದ ಕೆಳಗೆ ಒಂದು ಹಳೆಯ ಸ್ಕೂಟರ್ ನಿಂತಿತ್ತು. ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯಲ್ಲಿ ಸೀರೆ ಮಡಿಸುವ ಒಬ್ಬರದು. ವಾರದ ರಜೆಯಲ್ಲಿ ಒಬ್ಬರೇ ಬಂದು ಗಾಳ ಹಾಕುವ, ಯಾರ ಜೊತೆಗೂ ಹೆಚ್ಚು ಮಾತಾಡದ ಮನುಷ್ಯ. ಅವರನ್ನು ಅವತ್ತು ಮೈಸೂರಿನ ನಾಲ್ವರ ಜೊತೆ ಸೇರಿಸಿ ಕರೆದೊಯ್ದಿದ್ದರು. ಬೇಗ ಬನ್ನಿ ಎಂದು ಕರೆದಾಗ ಅವರು ಬಂಡೆಯ ಹಿಂಬದಿಯಲ್ಲಿದ್ದರಂತೆ. ಆ ತೆಪ್ಪದಲ್ಲಿ ಹತ್ತಿದರು ಎಂದು ಈ ತೆಪ್ಪದವನು, ಈ ತೆಪ್ಪದಲ್ಲಿ ಹತ್ತಿದರು ಎಂದು ಆ ತೆಪ್ಪದವನು ಹುಟ್ಟು ಹಾಕಿದ್ದರು. ಮೈಸೂರಿನವರು ಇಳಿದವರೇ ಕಾರು ಹತ್ತಿ ಹೋಗಿದ್ದರು.

ದಡದಲ್ಲಿ ಯಜಮಾನನ ಭಾವಮೈದ ಒಬ್ಬನೇ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

"ಭಾವ ಓಗ್ಬುಟ್ಟ ಮೇಡಮ್. ಈ ನೀರ್ಗೆ ಒಬ್ನೇ ಓಗ್ಬ್ಯಾಡ, ನಾನೂ ಬತ್ತೀನಿ, ಇನ್ನೊಂದ್ ಹುಟ್ಟು ಆಕ್ತೀನಿ ಅಂದೆ. ಜಾಗ ಇಲ್ಲ ಕಣ್ಲಾ ಅಂದ. ಖಾಲಿ ತೆಪ್ಪ ಮೇಡಮ್. ಜಾಗ ಇಲ್ಲ ಅಂದ್ಬುಟ್ಟು ಅಂಚು ತಟ್ಕಂಡು ಓದ."

ಅಗ್ನಿಶಾಮಕದವರು ಬಂದು ಹಗ್ಗ ಬಿಚ್ಚಿಕೊಳ್ಳುತ್ತಿದ್ದರು. ನಾನು ನೀರಿನ ಅಂಚಿನಲ್ಲಿ ನಿಂತು ನೋಡಿದೆ. ಬಂಡೆ ಇರಬೇಕಾದ ಕಡೆ ಬರೀ ನೊರೆ. ಬೆಳಕು ಒಂದೊಂದೇ ಪದರ ಕಡಿಮೆಯಾಗುತ್ತಿತ್ತು. ನನಗೆ ಬರುವ ದೇವರ ಹೆಸರುಗಳನ್ನೆಲ್ಲ ಹೇಳಿಕೊಂಡೆ. ಮಾದಪ್ಪನನ್ನು ಕರೆದೆ. ಕೊನೆಗೆ, ಹೇಳಲು ನಾಚಿಕೆಯೇನಿಲ್ಲ, ಹೆಸರೂ ಗೊತ್ತಿರದ ಆ ತಮ್ಮನನ್ನೂ ಕರೆದೆ. ನಿನ್ನನ್ನು ಬಿಟ್ಟು ಎಣಿಸು ಎಂದವಳು ನಾನು, ನಿನ್ನ ಅಣ್ಣನಲ್ಲ ಎಂದು ಹೇಳಿದೆ.

ತೆಪ್ಪ ಕಂಡದ್ದು ಮೇಲಿಂದಲ್ಲ, ಬಹಳ ಕೆಳಗೆ, ಹೊಳೆ ತಿರುಗುವ ಕಡೆ. ತಿರುಗುತ್ತಾ ತಿರುಗುತ್ತಾ ದಡದ ಗಿಡಗಳಿಗೆ ತಾಗಿ ನಿಂತಿತು. ನಾವೆಲ್ಲ ಕೆಸರಿನಲ್ಲಿ ಓಡಿದೆವು. ಯಜಮಾನ ಒಂದು ಕೈಯಲ್ಲಿ ಕೊಂಬೆ ಹಿಡಿದಿದ್ದ. ಇನ್ನೊಂದು ಕೈ ಸೀರೆ ಅಂಗಡಿಯವರ ಕಾಲರಿನ ಮೇಲಿತ್ತು. ಅಷ್ಟು ಹೊತ್ತು ಸೊಂಟದ ಮಟ್ಟದ ನೀರಿನಲ್ಲಿ ಬಂಡೆಯ ಬಿರುಕಿಗೆ ಕೈ ಸಿಕ್ಕಿಸಿಕೊಂಡು ನಿಂತಿದ್ದ ಅವರಿಗೆ ಮಾತು ಹೊರಡುತ್ತಿರಲಿಲ್ಲ, ಹಲ್ಲು ಕಟಕಟ ಅನ್ನುತ್ತಿತ್ತು. ಅವರು ಕುಳಿತಿದ್ದದ್ದು ಬಲಗಡೆ. ಎಡಗಡೆ ಖಾಲಿಯಿತ್ತು.

ಅವರನ್ನು ಎತ್ತಿ ಕಂಬಳಿ ಹೊದಿಸಿ ಆಸ್ಪತ್ರೆಗೆ ಕಳಿಸಿದ ಮೇಲೆ ಯಜಮಾನ ಕೆಸರಿನಲ್ಲೇ ಕುಸಿದು ಕುಳಿತ. ನಾನೂ ಪಕ್ಕದಲ್ಲಿ ಕುಳಿತೆ.

"ಫೋನು ಟೀ ಅಂಗ್ಡೀಲಿ ಬಿದ್ದೋಯ್ತು," ಎಂದ ಆತ. "ಓಗಾವಾಗ ಲೆಕ್ಕ ಏಳಕಾಗ್ಲಿಲ್ಲ. ಈಗ ಏಳ್ಬೇಕಲ್ವಾ?"

ನನ್ನ ಫೋನಿನಿಂದ ಕಚೇರಿಗೆ ಹಚ್ಚಿ ಅವನ ಬಾಯಿಯ ಹತ್ತಿರ ಹಿಡಿದೆ. ಗುಮಾಸ್ತರು ಇನ್ನೂ ಮನೆಗೆ ಹೋಗಿರಲಿಲ್ಲ.

"ಬರ್ಕಳಿ ಸಾ," ಎಂದ ಯಜಮಾನ. "ಓಗಾವಾಗ ಇಬ್ರು." ಉಸಿರು ಎಳೆದುಕೊಂಡ. "ಬರಾವಾಗ ಇಬ್ರು."

ಫೋನನ್ನು ನಾನು ಕಿವಿಗೆ ಇಟ್ಟುಕೊಂಡೆ. "ಮೇಡಂ," ಎಂದರು ಗುಮಾಸ್ತರು, "ಹೋಗುವಾಗ ಅವರೊಬ್ಬರೇ ಅಂತ ಭಾವಮೈದ ಆಗಲೇ ಫೋನ್ ಮಾಡಿ ಹೇಳಿದ್ರು. ಒಂದು ಅಂತ ಬರೀಲಾ?"

ಯಜಮಾನ ನನ್ನ ಮುಖವನ್ನೇ ನೋಡುತ್ತಿದ್ದ.

"ಇಬ್ಬರು ಅಂತಲೇ ಬರೀರಿ," ಎಂದೆ.

ಗುಮಾಸ್ತರು ಬರೆದುಕೊಂಡರು.